ಚೆಂಡು ಮುಟ್ಟಿದ್ದನಲ್ಲ, ಮತ್ತೆ ಯಾಕೆ ಕೆಂಪು ಕಾರ್ಡ್?

ಫುಟ್‌ಬಾಲ್ ನೋಡುವವರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಯಾವುದು ಗೊತ್ತಾ? "ಮೊದಲು ಚೆಂಡನ್ನೇ ಮುಟ್ಟಿದ್ದ, ಅದು ಹೇಗೆ ಫೌಲ್ ಆಗುತ್ತೆ?" ಟಿವಿ ಮುಂದೆ ಕೂತವರು ಇದನ್ನೇ ಹೇಳುತ್ತಾರೆ, ಗೆರೆ ಪಕ್ಕ ನಿಂತ ಕೋಚ್ ಇದನ್ನೇ ಕೂಗುತ್ತಾರೆ, ಟ್ಯಾಕಲ್ ಮಾಡಿ, ಅಂದರೆ ಎದುರಾಳಿಯಿಂದ ಚೆಂಡು ಕಸಿಯಲು ಕಾಲು ಹಾಕಿ ಎದ್ದ ಆಟಗಾರ ಎರಡೂ ಕೈಯಿಂದ ಗಾಳಿಯಲ್ಲಿ ದುಂಡಗೆ ಚೆಂಡು ಬರೆದು ತೋರಿಸುತ್ತಾನೆ. ನಾನೂ ಎಷ್ಟೋ ವರ್ಷ ಇದನ್ನೇ ನಂಬಿದ್ದೆ. ಆಮೇಲೆ ಹುಡುಗರ ಪಂದ್ಯಗಳಿಗೆ ರೆಫರಿಯಾಗಿ ನಿಲ್ಲೋಕೆ ಶುರು ಮಾಡಿದೆ. ವಿಸಲ್ ಹಿಡಿಯುವ ಮುಂಚೆ ನಿಯಮದ ಪುಸ್ತಕ ಓದಬೇಕಾಯಿತು. ಓದಿದಾಗ ಗೊತ್ತಾಯಿತು, ಒರಟು ಟ್ಯಾಕಲ್ ಬಗ್ಗೆ ಬರೆದಿರುವ ಜಾಗದಲ್ಲಿ "ಮೊದಲು ಚೆಂಡು ಮುಟ್ಟಿದರೆ ಮಾಫಿ" ಅನ್ನುವ ಮಾತು ಎಲ್ಲೂ ಇಲ್ಲ.

ಇರೋದು ಬೇರೆ. ಫುಟ್‌ಬಾಲಿನ 17 ನಿಯಮಗಳಲ್ಲಿ 12ನೆಯದು ಫೌಲ್‌ಗಳದ್ದು. ಅದರಲ್ಲಿ ರೆಫರಿಗೆ ಮೂರು ಮೆಟ್ಟಿಲು ಕೊಟ್ಟಿದ್ದಾರೆ. ಆಟಗಾರ ಸ್ವಲ್ಪ ಎಚ್ಚರ ತಪ್ಪಿ ಎದುರಾಳಿಗೆ ತಾಗಿದ, ಅಷ್ಟೇ ಅಂದರೆ ಫ್ರೀ ಕಿಕ್ ಮಾತ್ರ, ಕಾರ್ಡ್ ಇಲ್ಲ. ಎದುರಿಗಿರುವವನಿಗೆ ಏನಾಗಬಹುದು ಅನ್ನೋದನ್ನ ಲೆಕ್ಕಕ್ಕೇ ತಗೊಳ್ಳದೆ ಹುಂಬತನದಿಂದ ನುಗ್ಗಿದ ಅಂದರೆ ಹಳದಿ ಕಾರ್ಡ್, ಅದು ಎಚ್ಚರಿಕೆ. ಬೇಕಾದ್ದಕ್ಕಿಂತ ವಿಪರೀತ ಬಲ ಹಾಕಿದ, ಅಥವಾ ಎದುರಾಳಿಯ ಮೈಕೈಗೆ ಅಪಾಯ ತಂದ ಅಂದರೆ ಕೆಂಪು, ಆಟದಿಂದಲೇ ಹೊರಗೆ. ಚೆಂಡಿಗಾಗಿ ಹೋರಾಡುವಾಗ ಒಂದು ಕಾಲಲ್ಲಾಗಲಿ ಎರಡು ಕಾಲಲ್ಲಾಗಲಿ, ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಯಾವ ಕಡೆಯಿಂದ ಹಾಗೆ ಎಗರಿದರೂ ಅದು ಗಂಭೀರ ಫೌಲ್ ಅಂತ ಬಿಡಿಸಿ ಬರೆದಿದ್ದಾರೆ. ಇನ್ನೊಂದು ವಿಷಯವನ್ನ ಜಾಸ್ತಿ ಜನ ಗಮನಿಸಿಲ್ಲ. ಒದೆಯುವುದು ಹೇಗೆ ಫೌಲೋ, ಒದೆಯಲು ನೋಡುವುದೂ ಹಾಗೇ ಫೌಲು. ಕಾಲು ಎದುರಾಳಿಗೆ ತಾಗಲೇಬೇಕು ಅಂತೇನಿಲ್ಲ.

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು 2012ರ ಜನವರಿಯ ಮ್ಯಾಂಚೆಸ್ಟರ್ ಪಂದ್ಯ. ಎಫ್‌ಎ ಕಪ್‌ನಲ್ಲಿ ಸಿಟಿಗೂ ಯುನೈಟೆಡ್‌ಗೂ ಆಟ. ಶುರುವಾಗಿ ಹನ್ನೆರಡು ನಿಮಿಷ ಆಗಿರಬಹುದು, ಸಿಟಿ ನಾಯಕ ವಿನ್ಸೆಂಟ್ ಕೊಂಪನಿ ನೆಲಕ್ಕೆ ಜಾರಿ ಎರಡೂ ಕಾಲು ಮುಂದೆ ಚಾಚಿ ಯುನೈಟೆಡ್ ಆಟಗಾರ ನಾನಿ ಹತ್ತಿರದಿಂದ ಚೆಂಡು ಕಸಿದರು. ಚೆಂಡು ಸಿಕ್ಕಿತು. ನಾನಿಗೆ ಏನೂ ಆಗಲಿಲ್ಲ. ರೆಫರಿ ಕ್ರಿಸ್ ಫಾಯ್ ನೇರವಾಗಿ ಕೆಂಪು ಕಾರ್ಡ್ ತೆಗೆದರು. ಆಗ ಎಷ್ಟು ಗಲಾಟೆ ಆಯ್ತು ಅಂದರೆ, ಅದು ಅನ್ಯಾಯ ಅಂತ ನಾನೂ ಸ್ನೇಹಿತರ ಜೊತೆ ಗಂಟೆಗಟ್ಟಲೆ ವಾದ ಮಾಡಿದ್ದೆ. ಸಿಟಿಯವರು ಮೇಲ್ಮನವಿ ಹಾಕಿದರು, ಅದು ಬಿದ್ದುಹೋಯಿತು, ಕೊಂಪನಿ ನಾಲ್ಕು ಪಂದ್ಯ ಹೊರಗೆ ಕೂತರು. ಈಗ ಆ ತುಣುಕನ್ನ ನೋಡಿದರೆ ನನ್ನ ಕಣ್ಣು ಚೆಂಡಿನ ಮೇಲೆ ನಿಲ್ಲುವುದಿಲ್ಲ. ಎರಡೂ ಪಾದ ಮುಂದಕ್ಕೆ ಚಾಚಿಕೊಂಡಿವೆ, ಅಷ್ಟು ವೇಗದಲ್ಲಿ ಜಾರುತ್ತಿರುವ ಅಷ್ಟು ದೊಡ್ಡ ಮನುಷ್ಯ ಕೊನೇ ಗಳಿಗೆಯಲ್ಲಿ ಬೇಡ ಅಂದುಕೊಂಡರೂ ನಿಲ್ಲೋಕೆ ಆಗುತ್ತಿರಲಿಲ್ಲ. ನಾನಿ ಅರ್ಧ ಹೆಜ್ಜೆ ಬೇರೆ ಕಡೆ ಇಟ್ಟಿದ್ದರೆ?

ರೆಫರಿ ನೋಡುವುದು ಇದನ್ನೇ. ಇಷ್ಟು ವರ್ಷ ಆಟ ನೋಡಿ, ಸ್ವಲ್ಪ ಕಾಲ ವಿಸಲ್ ಊದಿ ನನಗೆ ಮನದಟ್ಟಾಗಿರುವುದೂ ಇಷ್ಟೇ. ಟ್ಯಾಕಲ್ ಒರಟೋ ಅಲ್ಲವೋ ಅನ್ನೋದು ಕಾಲಿಗೆ ಕಾಲು ತಾಗಿದಾಗ ತೀರ್ಮಾನ ಆಗುವುದಲ್ಲ. ಅದಕ್ಕೂ ಮುಂಚೆ, ಆಟಗಾರ ನೆಲ ಬಿಟ್ಟಾಗಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ತನ್ನ ಮೈ ಮೇಲೆ ತನಗೆ ಹಿಡಿತ ಉಳಿಸಿಕೊಂಡು ಹೋದನಾ, ಬಿಟ್ಟುಕೊಟ್ಟು ಹೋದನಾ?

ಅದನ್ನ ಹೇಗೆ ಗುರುತಿಸುವುದು? ಮೊದಲು ಮೊಣಕಾಲು ನೋಡಬೇಕು. ಮಡಚಿದ ಕಾಲು ತಾಗಿದರೆ ಹಿಂದಕ್ಕೆ ಕುಗ್ಗುತ್ತದೆ, ಏಟನ್ನ ಸ್ವಲ್ಪ ತಾನೇ ನುಂಗುತ್ತದೆ. ಮೊಣಕಾಲು ಸೆಟೆದು ನೆಟ್ಟಗೆ ಕೋಲಿನ ಹಾಗೆ ಬಂದರೆ ಇಡೀ ಮೈಯ ಭಾರ ಎದುರಾಳಿಯ ಎಲುಬಿನ ಮೇಲೆ ಹೋಗುತ್ತದೆ. ಆಮೇಲೆ ಪಾದ. ಪಾದದ ಮೇಲ್ಭಾಗವೋ ಪಕ್ಕವೋ ತಾಗಿದರೆ ಒಂದು, ಬೂಟಿನ ಅಡಿಯಲ್ಲಿರುವ ಸ್ಟಡ್‌ಗಳು ಮುಂದೆ ಮಾಡಿಕೊಂಡು ಬಂದರೆ ಇನ್ನೊಂದು. ಎಲ್ಲಿಗೆ ತಾಗಿತು ಅನ್ನೋದೂ ಮುಖ್ಯ. ಬೂಟಿನ ಮೇಲೆ ತುಳಿದರೆ ನೋವಾಗುತ್ತದೆ, ಆದರೆ ಪಾದದ ಕೀಲಿನ ಮೇಲೆ, ಅಥವಾ ಮುಂಗಾಲಿಗೆ ಕಟ್ಟುವ ರಕ್ಷಾಕವಚ ಶಿನ್ ಗಾರ್ಡಿಗಿಂತ ಮೇಲೆ ಮೊಣಕಾಲಿನ ಹತ್ತಿರ ಅದೇ ಸ್ಟಡ್ ಬಿದ್ದರೆ ಆಟಗಾರನ ಒಂದು ವರ್ಷವೇ ಹೋಗಬಹುದು. ಮತ್ತೆ ಎಷ್ಟು ದೂರದಿಂದ ಓಡಿ ಬಂದ, ಯಾವ ವೇಗದಲ್ಲಿ ಬಂದ, ಚೆಂಡು ನಿಜವಾಗಿ ಸಿಗುವಷ್ಟು ಹತ್ತಿರ ಇತ್ತಾ, ಇಲ್ಲ ಚೆಂಡು ಆಗಲೇ ಹೋಗಿಯಾಗಿತ್ತಾ. ನೆಲ ಒದ್ದೆ ಇದ್ದರೆ ಜಾರುವುದು ಜಾಸ್ತಿ ಆಗುತ್ತದೆ, ನಿಜ. ಆದರೆ ನೆಲ ಒದ್ದೆ ಅಂತ ಆಟಗಾರನಿಗೂ ಗೊತ್ತಿರುತ್ತಲ್ಲ, ಅದನ್ನ ಲೆಕ್ಕ ಹಾಕಿಯೇ ಜಾರಬೇಕು.

ಇಷ್ಟನ್ನೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಲ್ಲಿ ನೋಡಬೇಕು. ಅದೂ ಓಡ್ತಾ ಓಡ್ತಾ.

ಇನ್ನೊಂದಿದೆ, ಅದನ್ನ ಯಾವ ಪುಸ್ತಕದಲ್ಲೂ ನಾನು ಓದಲಿಲ್ಲ, ಮೈದಾನದಲ್ಲಿ ನಿಂತು ಕಲಿತೆ. ಸದ್ದು. ಬೂಟು ಚೆಂಡಿಗೆ ತಾಗಿದರೆ ತುಂಬಿದ ಸದ್ದು ಬರುತ್ತದೆ, ಶಿನ್ ಗಾರ್ಡಿಗೆ ತಾಗಿದರೆ ಒಣ ಪ್ಲಾಸ್ಟಿಕ್ ಒಡೆದ ಹಾಗೆ. ಎರಡೂ ಒಂದರ ಹಿಂದೆ ಒಂದು ಬಂದರೆ ಮೊದಲು ಯಾವುದು, ಆಮೇಲೆ ಯಾವುದು ಅಂತ ಕಿವಿಗೆ ಗೊತ್ತಾಗುತ್ತದೆ. ಸುತ್ತ ಇರುವ ಆಟಗಾರರ ಮುಖ ಕೂಡ ಹೇಳುತ್ತದೆ. ಏಟು ಬಿದ್ದವನು ಜೋರಾಗಿ ಕಿರುಚಿ ಮೂರು ಸುತ್ತು ಉರುಳಿದರೆ ನಾನು ಅಷ್ಟಾಗಿ ಗಾಬರಿ ಆಗುವುದಿಲ್ಲ. ಬಿದ್ದವನು ಮಿಸುಕದೆ ಸುಮ್ನೆ ಮಲಗಿದ್ದು, ಅವನ ಪಕ್ಕದಲ್ಲಿದ್ದ ಎದುರು ತಂಡದ ಹುಡುಗನೇ ತಲೆ ಮೇಲೆ ಕೈ ಹೊತ್ತು ಆ ಕಡೆ ತಿರುಗಿಬಿಟ್ಟರೆ, ಆಗ ಎದೆ ಧಸಕ್ ಅನ್ನುತ್ತದೆ.

ನಾನು ಮಾಡಿದ ಒಂದು ತಪ್ಪನ್ನ ಇಲ್ಲಿ ಹೇಳಲೇಬೇಕು. ಹದಿನಾರು ಹದಿನೇಳು ವಯಸ್ಸಿನ ಹುಡುಗರ ಪಂದ್ಯ, ನಾನು ರೆಫರಿಯಾದ ಹೊಸದು. ಮೈದಾನದ ನಡುವೆ ಒಬ್ಬ ಹುಡುಗ ಓಡಿ ಬಂದು, ಎರಡೂ ಪಾದ ನೆಲದಿಂದ ಮೇಲೆ, ಎರಡೂ ಕಾಲು ನೆಟ್ಟಗೆ ಮಾಡಿಕೊಂಡು ಜಾರಿದ. ಚೆಂಡು ಹಾರಿ ಗೆರೆ ಆಚೆ ಹೋಯ್ತು, ಅದರ ಹಿಂದೆಯೇ ಎದುರು ಹುಡುಗ ಬಿದ್ದ. "ಸರ್, ಬಾಲ್ ಸರ್, ಬಾಲ್!" ಅಂತ ಕೂಗು. ನನ್ನ ತಲೆಯಲ್ಲಿದ್ದ ಹಳೇ ನಂಬಿಕೆ ಕೆಲಸ ಮಾಡಿತು. ಚೆಂಡಂತೂ ಮುಟ್ಟಿದ್ದಾನೆ, ಪಂದ್ಯ ಶುರುವಾಗಿ ಇನ್ನೂ ಕಾಲು ಗಂಟೆಯೂ ಆಗಿಲ್ಲ, ಇಷ್ಟು ಬೇಗ ಒಬ್ಬನನ್ನ ಹೊರಗೆ ಹಾಕಿದರೆ ಆಟ ಕೆಡುತ್ತದೆ ಅಂದುಕೊಂಡು ಹಳದಿ ತೋರಿಸಿದೆ. ಬಿದ್ದ ಹುಡುಗ ಕುಂಟುತ್ತಾ ಹೊರಗೆ ಹೋದ, ಮತ್ತೆ ಆಡಲಿಲ್ಲ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಆದರೆ ಆಟ ಕೆಟ್ಟಿದ್ದು ಆಮೇಲೆ. ರೆಫರಿ ನಮ್ಮನ್ನ ಕಾಪಾಡಲ್ಲ ಅಂತ ಆ ತಂಡದವರಿಗೆ ಅನ್ನಿಸಿಬಿಟ್ಟಿತು. ಹತ್ತು ನಿಮಿಷದಲ್ಲಿ ಅವರ ಕಡೆಯವನೊಬ್ಬ ಲೆಕ್ಕ ಚುಕ್ತಾ ಮಾಡಲು ನುಗ್ಗಿದ, ಅಲ್ಲಿಂದ ಮುಂದೆ ಅದು ಫುಟ್‌ಬಾಲ್ ಆಗಿ ಉಳಿಯಲಿಲ್ಲ. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ನೂ ಬೇಗ ಆಯ್ತು ಅನ್ನೋ ಕಾರಣ ಯಾವ ನಿಯಮದಲ್ಲಿದೆ? ಐದನೇ ನಿಮಿಷದ ಕಾಲೂ ಎಂಬತ್ತನೇ ನಿಮಿಷದ ಕಾಲೂ ಒಂದೇ ಥರ ಮುರಿಯುತ್ತವೆ.

ಬೇಕಂತ ಮಾಡಲಿಲ್ಲ ಅನ್ನುವ ವಾದಕ್ಕೆ ಬರೋಣ. ಇದು ಚೆಂಡಿನ ವಾದಕ್ಕಿಂತ ಗಟ್ಟಿ, ಯಾಕಂದರೆ ಬಹಳ ಸಲ ಅದು ನಿಜವೇ ಆಗಿರುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನ ಸಾಡಿಯೊ ಮಾನೆ ಮೇಲಿನಿಂದ ಬೀಳುತ್ತಿದ್ದ ಚೆಂಡನ್ನೇ ನೋಡುತ್ತಾ ಓಡಿ ಕಾಲು ಎತ್ತಿದರು. ಅದೇ ಹೊತ್ತಿಗೆ ಸಿಟಿ ಗೋಲ್‌ಕೀಪರ್ ಎಡರ್ಸನ್ ಗೋಲ್ ಬಿಟ್ಟು ಮುಂದೆ ಬಂದು ತಲೆ ಕೊಟ್ಟರು. ಬೂಟು ಮುಖಕ್ಕೆ ಬಿತ್ತು. ಮಾನೆಗೆ ಯಾರನ್ನೂ ನೋಯಿಸುವ ಯೋಚನೆ ಇರಲಿಲ್ಲ ಅಂತ ಆ ದೃಶ್ಯ ನೋಡಿದ ಯಾರಾದರೂ ಹೇಳುತ್ತಾರೆ. ಆದರೂ ರೆಫರಿ ಜಾನ್ ಮಾಸ್ ಕೆಂಪು ತೋರಿಸಿದರು, ಅದು ಸರಿಯೇ. 2013ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ರಿಯಲ್ ಮ್ಯಾಡ್ರಿಡ್ ಪಂದ್ಯದಲ್ಲಿ ಇದೇ ನಾನಿ ಚೆಂಡಿಗೆ ಅಂತ ಎತ್ತಿದ ಕಾಲು ಮ್ಯಾಡ್ರಿಡ್ ಆಟಗಾರ ಅರ್ಬೆಲೋವಾಗೆ ತಾಗಿ ಹೊರಗೆ ಹೋಗಿದ್ದೂ ಹೀಗೇ. ಅದು ಮಾತ್ರ ನನಗೆ ಹಳದಿಗೆ ಸಾಕಿತ್ತು ಅನ್ನಿಸುತ್ತದೆ, ವೇಗ ಅಷ್ಟಿರಲಿಲ್ಲ. ಹಿಂದೆ ನಿಯಮದಲ್ಲೇ "ಉದ್ದೇಶಪೂರ್ವಕ" ಅನ್ನುವ ಪದ ಇತ್ತು. 1990ರ ದಶಕದಲ್ಲಿ ಅದನ್ನ ಇಂಥ ಫೌಲ್‌ಗಳಿಂದ ತೆಗೆದು, ಎಚ್ಚರ, ಹುಂಬತನ, ಬಲ ಅನ್ನುವ ಅಳತೆಗಳನ್ನ ತಂದರು. ಒಳ್ಳೇದೇ ಆಯ್ತು. ಮನಸ್ಸಿನೊಳಗೆ ಏನಿತ್ತು ಅಂತ ರೆಫರಿ ಹೇಗೆ ನೋಡಬೇಕು? ಕಾಲು ಎಲ್ಲಿತ್ತು ಅಂತ ನೋಡಬಹುದು, ಅಷ್ಟೇ.

ಆಟಗಾರರನ್ನ ಕಾಪಾಡುವ ಈ ಯೋಚನೆ ಮೊದಲಿಂದ ಇರಲಿಲ್ಲ ಅನ್ನೋದನ್ನ ನೆನೆದರೆ ಬೇಜಾರಾಗುತ್ತದೆ. 1966ರ ವಿಶ್ವಕಪ್‌ನಲ್ಲಿ ಪೆಲೆಯನ್ನ ಮೊದಲು ಬಲ್ಗೇರಿಯದವರು ಒದ್ದರು. ಹಂಗೇರಿ ಪಂದ್ಯ ಆಡಲಾಗಲಿಲ್ಲ. ಪೋರ್ಚುಗಲ್ ಎದುರು ಇಳಿದರೆ ಆ ತಂಡದ ಮೊರಾಯಿಸ್ ಒಂದೇ ಓಟದಲ್ಲಿ ಎರಡು ಸಲ ಕೆಡವಿದರು. ಯಾರನ್ನೂ ಹೊರಗೆ ಹಾಕಲಿಲ್ಲ. ಬದಲಿ ಆಟಗಾರರನ್ನ ಇಳಿಸುವ ಅವಕಾಶವೂ ಆಗ ಇರಲಿಲ್ಲ, ಜಗತ್ತಿನ ಅತಿ ದೊಡ್ಡ ಆಟಗಾರ ಉಳಿದ ಆಟವಿಡೀ ಕುಂಟುತ್ತಾ ಓಡಾಡಿದರು, ಬ್ರೆಜಿಲ್ 3-1ರಲ್ಲಿ ಸೋತು ಮನೆಗೆ ಹೋಯಿತು. ಅದೇ ವಿಶ್ವಕಪ್‌ನಲ್ಲಿ ಇಂಗ್ಲೆಂಡ್-ಅರ್ಜೆಂಟೀನಾ ಪಂದ್ಯದಲ್ಲಿ ಯಾರಿಗೆ ಎಚ್ಚರಿಕೆ ಕೊಟ್ಟರು, ಯಾರನ್ನ ಯಾಕೆ ಹೊರಗೆ ಕಳಿಸಿದರು ಅನ್ನೋದೇ ಗೊಂದಲವಾಗಿತ್ತು. ಆಗ ರೆಫರಿಗಳ ಉಸ್ತುವಾರಿ ನೋಡುತ್ತಿದ್ದ ಕೆನ್ ಆಸ್ಟನ್‌ಗೆ ಕಾರಲ್ಲಿ ಹೋಗುವಾಗ ಟ್ರಾಫಿಕ್ ದೀಪ ಕಂಡು ಹಳದಿ-ಕೆಂಪು ಕಾರ್ಡಿನ ಯೋಚನೆ ಹೊಳೆಯಿತು. ಅವರು ಸ್ವತಃ 1962ರಲ್ಲಿ ಚಿಲಿ-ಇಟಲಿ ನಡುವಿನ ಹೊಡೆದಾಟದಂಥ ಪಂದ್ಯಕ್ಕೆ ರೆಫರಿಯಾಗಿ ನಿಂತು ಒದ್ದಾಡಿದವರು, ಭಾಷೆ ಬಾರದ ಆಟಗಾರನಿಗೆ ಬುದ್ಧಿ ಹೇಳುವುದು ಎಷ್ಟು ಕಷ್ಟ ಅಂತ ಚೆನ್ನಾಗಿ ಗೊತ್ತಿತ್ತು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡುಗಳು ಬಂದವು. ಆ ಸಲ ಒಂದೂ ಕೆಂಪು ಬೀಳಲಿಲ್ಲ. ವಿಶ್ವಕಪ್‌ನ ಮೊದಲ ಕೆಂಪು 1974ರಲ್ಲಿ ಚಿಲಿಯ ಕಾರ್ಲೋಸ್ ಕಾಸೆಲಿಗೆ.

ಕಾರ್ಡ್ ಬಂದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. 1982ರ ಸೆಮಿಫೈನಲ್, ಸೆವಿಲ್ಲೆ. ಫ್ರಾನ್ಸಿನ ಪ್ಯಾಟ್ರಿಕ್ ಬ್ಯಾಟಿಸ್ಟನ್ ಒಬ್ಬರೇ ಗೋಲಿನತ್ತ ಓಡಿ ಬಂದು ಚೆಂಡು ಒದ್ದರು, ಪಶ್ಚಿಮ ಜರ್ಮನಿಯ ಗೋಲ್‌ಕೀಪರ್ ಶುಮಾಕರ್ ಗಾಳಿಯಲ್ಲಿ ಹಾರಿ ಬಂದು ಅವರಿಗೆ ಅಪ್ಪಳಿಸಿದರು. ಹಲ್ಲು ಹೋಯಿತು, ಬೆನ್ನುಮೂಳೆಗೆ ಪೆಟ್ಟಾಯಿತು, ಪ್ರಜ್ಞೆ ತಪ್ಪಿತು. ರೆಫರಿ ಚಾರ್ಲ್ಸ್ ಕಾರ್ವರ್ ಕೊಟ್ಟಿದ್ದು ಏನು? ಗೋಲ್ ಕಿಕ್. ಫೌಲ್ ಕೂಡ ಇಲ್ಲ. ಅವರ ಕಣ್ಣು ಗೋಲಿನ ಪಕ್ಕ ಉರುಳಿ ಹೋಗುತ್ತಿದ್ದ ಚೆಂಡಿನ ಹಿಂದೆ ಹೋಗಿತ್ತು. ಹೊಸ ರೆಫರಿಗಳಿಗೆ ಯಾರಾದರೂ ಪಾಠ ಹೇಳುವುದಿದ್ದರೆ ಇದನ್ನ ಮೊದಲು ಹೇಳಬೇಕು ಅನ್ನಿಸುತ್ತದೆ ನನಗೆ. ಚೆಂಡು ಹೋದ ಮೇಲೂ ಒಂದು ಕ್ಷಣ ಅಲ್ಲೇ ಕಣ್ಣಿಡು, ಕಾಲು ಮುರಿಯುವುದು ಆ ಒಂದು ಕ್ಷಣದಲ್ಲಿ. ನೋಡುಗರೆಲ್ಲ ಚೆಂಡಿನ ಹಿಂದೆ ಹೋಗಲಿ, ರೆಫರಿ ಹೋಗಬಾರದು.

ಆಮೇಲೆ ಹಿಂದಿನಿಂದ ಬರುವ ಟ್ಯಾಕಲ್. ಹಾಲೆಂಡಿನ ಮಾರ್ಕೊ ವಾನ್ ಬಾಸ್ಟೆನ್ ತಮ್ಮ ಕೊನೆಯ ಪಂದ್ಯ ಆಡಿದ್ದು 1993ರಲ್ಲಿ, ಆಗ ಅವರಿಗೆ ಬರೀ 28. ವರ್ಷಗಟ್ಟಲೆ ಬಿದ್ದ ಏಟುಗಳೂ ಮೇಲಿಂದ ಮೇಲೆ ಆದ ಶಸ್ತ್ರಚಿಕಿತ್ಸೆಗಳೂ ಸೇರಿ ಪಾದದ ಕೀಲು ಮುಗಿದೇಹೋಗಿತ್ತು. ಹಿಂದಿನಿಂದ ಬಂದು ಎದುರಾಳಿಗೆ ಅಪಾಯ ತರುವ ಟ್ಯಾಕಲ್‌ಗೆ ಕೆಂಪೇ ಕೊಡಬೇಕು ಅನ್ನುವ ಆದೇಶ ಗಟ್ಟಿಯಾಗಿ ಬಂದದ್ದು 1998ರ ವಿಶ್ವಕಪ್ ಹೊತ್ತಿಗೆ. ಆ ವಿಶ್ವಕಪ್‌ನಲ್ಲಿ 22 ಕೆಂಪು ಕಾರ್ಡ್ ಬಿದ್ದವು. ಆಟ ಮೆತ್ತಗಾಯ್ತು, ಗಂಡಸುತನ ಹೋಯ್ತು ಅಂತ ಗೊಣಗುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕಾಣದ ಕಡೆಯಿಂದ ಬಂದು ಕಾಲು ಮುರಿಯುವುದರಲ್ಲಿ ಯಾವ ಗಂಡಸುತನ ಇದೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಆಮೇಲೆ "ಹಿಂದಿನಿಂದ" ಅನ್ನುವ ಮಾತನ್ನೂ ಬಿಟ್ಟು, ಯಾವ ದಿಕ್ಕಿನಿಂದ ಬಂದರೂ ಅಷ್ಟೇ ಅಂತ ಮಾಡಿದರು.

ರೆಫರಿಗೆ ಕಾಣದೇ ಹೋದರೆ ನಿಯಮ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ ಅಲ್ವಾ? 2010ರ ವಿಶ್ವಕಪ್ ಫೈನಲ್ ನೋಡಿದವರಿಗೆ ಹಾಲೆಂಡಿನ ನೈಜೆಲ್ ಡಿ ಯಾಂಗ್ ಅವರ ಬೂಟು ಸ್ಪೇನಿನ ಕ್ಸಾಬಿ ಅಲೊನ್ಸೊ ಎದೆಗೆ ನೆಟ್ಟಿದ್ದು ಮರೆತಿರಲಾರದು. ಟಿವಿಯಲ್ಲಿ ಕೋಟ್ಯಂತರ ಜನಕ್ಕೆ ಕಂಡಿತು. ಹತ್ತಿರದಲ್ಲೇ ಇದ್ದ ರೆಫರಿ ಹೋವರ್ಡ್ ವೆಬ್ ಹಳದಿ ಕೊಟ್ಟರು. ನಡುವೆ ಬೇರೆ ಆಟಗಾರ ಅಡ್ಡ ಬಂದು ಪೂರ್ತಿ ಕಾಣಲಿಲ್ಲ, ರಿಪ್ಲೇ ನೋಡಿದ ಮೇಲೆ ಅದು ಕೆಂಪೇ ಆಗಬೇಕಿತ್ತು ಅಂತ ಅವರೇ ಆಮೇಲೆ ಒಪ್ಪಿಕೊಂಡರು. ಆವತ್ತು ಒಟ್ಟು 14 ಹಳದಿ ಕಾರ್ಡ್ ತೆಗೆದರು, ಆದರೆ ಜನ ನೆನಪಿಟ್ಟುಕೊಂಡಿರುವುದು ತೆಗೆಯದ ಒಂದು ಕಾರ್ಡನ್ನ. ರೆಫರಿಗೆ ಹತ್ತಿರ ಇರುವುದಕ್ಕಿಂತ ಪಕ್ಕದ ಕೋನದಲ್ಲಿ ಇರುವುದು ಮುಖ್ಯ. ಇಬ್ಬರೂ ನಿಮ್ಮತ್ತಲೇ ಒಂದೇ ಗೆರೆಯಲ್ಲಿ ಬರುತ್ತಿದ್ದರೆ ಹತ್ತು ಅಡಿಯಲ್ಲಿ ನಿಂತಿದ್ದರೂ ಮುಂದಿನವನ ಮೈ ಮಾತ್ರ ಕಾಣುತ್ತದೆ. ಇಪ್ಪತ್ತು ಗಜ ದೂರ ಇದ್ದರೂ ಪಕ್ಕದಿಂದ ನೋಡಿದರೆ ಇಬ್ಬರ ನಡುವಿನ ಜಾಗ ಕಾಣುತ್ತದೆ, ಕಾಲು ಎಷ್ಟು ಎತ್ತರದಲ್ಲಿತ್ತು ಅಂತ ಕಾಣುತ್ತದೆ. ಅದಕ್ಕೇ ರೆಫರಿಗಳು ಮೈದಾನದಲ್ಲಿ ಓರೆಯಾಗಿ ಓಡುತ್ತಾರೆ, ಎದುರು ಬದಿಯ ಗೆರೆಯಲ್ಲಿ ಸಹಾಯಕ ರೆಫರಿ ಇರುತ್ತಾರೆ, ಆಟ ಇಬ್ಬರ ನಡುವೆ ಇರಲಿ ಅಂತ. ನಾನು ನಿಂತ ಪಂದ್ಯಗಳಲ್ಲಿ ಸಹಾಯಕರೇ ಇರುತ್ತಿರಲಿಲ್ಲ, ಒಬ್ಬನೇ, ಹಾಗಾಗಿ ಕೋನಕ್ಕಾಗಿ ಓಡಿ ಓಡಿ ಕಾಲು ಬಿದ್ದುಹೋಗುತ್ತಿತ್ತು.

ಈಗ ದೊಡ್ಡ ಪಂದ್ಯಗಳಲ್ಲಿ ವಿಎಆರ್ ಇದೆ, ಅಂದರೆ ವಿಡಿಯೋ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ. ಕಾಣದೇ ಹೋದದ್ದನ್ನ ಹಿಡಿಯೋಕೆ ಅದು ಬೇಕೇ ಬೇಕು. ಆದರೆ ಒರಟು ಟ್ಯಾಕಲ್ ವಿಷಯದಲ್ಲಿ ಅದರದ್ದೇ ಒಂದು ಅಪಾಯ ಇದೆ, ಅದು ಸ್ಲೋ ಮೋಷನ್. ಯಾವ ಟ್ಯಾಕಲನ್ನಾದರೂ ನಿಧಾನಕ್ಕೆ ತೋರಿಸಿ ನೋಡಿ, ಆಟಗಾರನಿಗೆ ಯೋಚನೆ ಮಾಡಲು ಬೇಕಾದಷ್ಟು ಸಮಯ ಇತ್ತು, ಬೇಕಂತಲೇ ಕಾಲಿಟ್ಟ ಅನ್ನೋ ಹಾಗೆ ಕಾಣುತ್ತದೆ. ಚಿತ್ರ ನಿಲ್ಲಿಸಿಬಿಟ್ಟರಂತೂ ಮುಗಿದೇಹೋಯ್ತು, ಸ್ಟಡ್ ಚರ್ಮಕ್ಕೆ ಒತ್ತಿರುವ ಒಂದು ಫೋಟೋ, ಅದರಲ್ಲಿ ವೇಗವೂ ಇಲ್ಲ ಬಲವೂ ಇಲ್ಲ. ಅದಕ್ಕೇ ವಿಎಆರ್ ನಿಯಮಾವಳಿಯಲ್ಲೇ ಹೇಳಿದ್ದಾರೆ, ಎಲ್ಲಿ ತಾಗಿತು ಅಂತ ನೋಡಲು ಸ್ಲೋ ಮೋಷನ್ ಸರಿ, ಎಷ್ಟು ಜೋರಾಗಿತ್ತು ಅಂತ ಅಳೆಯಲು ಮಾಮೂಲಿ ವೇಗದಲ್ಲೇ ನೋಡಬೇಕು. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ಎದುರು ಲಿವರ್‌ಪೂಲ್‌ನ ಕರ್ಟಿಸ್ ಜೋನ್ಸ್ ಚೆಂಡಿಗೆ ಕಾಲಿಟ್ಟರು, ಪಾದ ಚೆಂಡಿನ ಮೇಲಿಂದ ಜಾರಿ ಬಿಸ್ಸೂಮಾ ಅವರ ಕಾಲಿನ ಮೇಲೆ ಬಿತ್ತು. ರೆಫರಿ ಮೊದಲು ಹಳದಿ ಕೊಟ್ಟರು. ಮಾನಿಟರ್ ಹತ್ತಿರ ಕರೆದಾಗ ಅವರ ಕಣ್ಣಿಗೆ ಮೊದಲು ಬಿದ್ದಿದ್ದು ನಿಂತ ಚಿತ್ರ. ಕೆಂಪಾಯಿತು, ಮೇಲ್ಮನವಿಯೂ ಬಿದ್ದುಹೋಯಿತು. ಪಾದದ ಕೀಲಿನ ಮೇಲೆ ಹಾಗೆ ಬಿದ್ದದ್ದು ಅಪಾಯವೇ, ಕೆಂಪು ತಪ್ಪು ಅಂತ ನಾನು ಹೇಳೋಲ್ಲ. ಆದರೆ ತೋರಿಸಿದ ಕ್ರಮ ತಪ್ಪು. ಮೊದಲು ಪೂರ್ತಿ ವೇಗದಲ್ಲಿ ತೋರಿಸಿ, ಆಮೇಲೆ ಬೇಕಾದರೆ ನಿಲ್ಲಿಸಿ.

ವಿಎಆರ್ ಇದ್ದೂ ಬೇರೆ ಕಡೆ ನೋಡುತ್ತಾ ಕೂತ ದಿನವೂ ಇದೆ. 2020ರ ಅಕ್ಟೋಬರ್, ಎವರ್ಟನ್-ಲಿವರ್‌ಪೂಲ್. ಗೋಲ್‌ಕೀಪರ್ ಪಿಕ್‌ಫರ್ಡ್ ಕಾಲು ಅಗಲಿಸಿ ಹಾರಿ ವಾನ್ ಡೈಕ್ ಮೊಣಕಾಲಿಗೆ ಬಿದ್ದರು, ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿಯಿತು, ಆ ಸೀಸನ್ ಅವರಿಗೆ ಅಲ್ಲಿಗೇ ಮುಗಿಯಿತು. ಅದಕ್ಕೂ ಒಂದು ಗಳಿಗೆ ಮುಂಚೆ ವಾನ್ ಡೈಕ್ ಆಫ್‌ಸೈಡ್ ಆಗಿದ್ದರು. ಎಲ್ಲರೂ ಪೆನಾಲ್ಟಿ ಹೌದೋ ಅಲ್ಲವೋ ಅನ್ನೋದರಲ್ಲೇ ಮುಳುಗಿದರು, ಆಫ್‌ಸೈಡ್ ಅಂತಾದ ಮೇಲೆ ಮಾತು ಮುಗಿಯಿತು ಅಂತ ಬಿಟ್ಟರು. ಮುಗಿದಿರಲಿಲ್ಲ. ಆಫ್‌ಸೈಡ್ ಆಗಿದ್ದರೆ ಪೆನಾಲ್ಟಿ ಇಲ್ಲ, ಆದರೆ ಒರಟು ಟ್ಯಾಕಲ್‌ಗೆ ಕೆಂಪು ಕೊಡೋಕೆ ಆಫ್‌ಸೈಡ್ ಅಡ್ಡ ಬರುವುದಿಲ್ಲ. ಆಟ ನಿಂತಿದ್ದಾಗ ಕಾಲು ಮುರಿದರೂ ಮುರಿದದ್ದೇ. ಆ ಪಂದ್ಯದ ರೆಫರಿ ಮೈಕಲ್ ಆಲಿವರ್ ಮುಂದೆ, ಆಫ್‌ಸೈಡ್ ಗುಂಗಲ್ಲಿ ಆ ಟ್ಯಾಕಲ್ಲನ್ನೇ ಸರಿಯಾಗಿ ಯೋಚಿಸಲಿಲ್ಲ ಅನ್ನೋ ಅರ್ಥದಲ್ಲಿ ಒಪ್ಪಿಕೊಂಡರು.

ಅಡ್ವಾಂಟೇಜ್, ಅಂದರೆ ಫೌಲ್ ಆದರೂ ಏಟು ತಿಂದ ತಂಡಕ್ಕೆ ಅನುಕೂಲ ಇದ್ದರೆ ಆಟ ಮುಂದುವರಿಸುವುದು, ಅದರ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೆಂಪು ಕೊಡುವಂಥ ಟ್ಯಾಕಲ್ ಆದರೆ ಆಟ ಮುಂದುವರಿಸಬಾರದು, ಕಣ್ಣೆದುರಿಗೇ ಗೋಲ್ ಅವಕಾಶ ಇದ್ದರೆ ಮಾತ್ರ ಬಿಡಬಹುದು. ಕಾರಣ ಸರಳ. ಬಿದ್ದವನಿಗೆ ಆರೈಕೆ ಬೇಕು, ಮತ್ತೆ ಬಿಸಿಯಾದ ಮೈದಾನದಲ್ಲಿ ವಿಸಲ್ ತಡವಾದಷ್ಟೂ ಆಟಗಾರರೇ ನ್ಯಾಯ ಮಾಡೋಕೆ ಹೊರಡುತ್ತಾರೆ.

ನನ್ನನ್ನ ಅತಿ ಜಾಸ್ತಿ ಕಾಡುವುದು ಗಾಯದ ಪ್ರಶ್ನೆ. ಟ್ಯಾಕಲನ್ನ ನೋಡಬೇಕು, ಗಾಯವನ್ನಲ್ಲ ಅಂತ ಹೇಳುವುದು ಸುಲಭ. ಕಣ್ಣೆದುರು ಪಾದ ತಿರುಚಿಕೊಂಡು ಬಿದ್ದಿರುವಾಗ? 2019ರ ನವೆಂಬರ್ 3ರಂದು ಟಾಟನ್‌ಹ್ಯಾಮ್‌ನ ಸಾನ್ ಹ್ಯೂಂಗ್ ಮಿನ್ ಹಿಂದಿನಿಂದ ಕಾಲು ಹಾಕಿ ಎವರ್ಟನ್‌ನ ಆಂಡ್ರೆ ಗೋಮೆಸ್‌ರನ್ನ ಕೆಡವಿದರು. ಅದು ಹಳದಿ ಕಾರ್ಡಿನ ಟ್ಯಾಕಲ್. ರೆಫರಿ ಮಾರ್ಟಿನ್ ಅಟ್ಕಿನ್ಸನ್ ತೆಗೆದಿದ್ದೂ ಹಳದಿಯೇ. ಆದರೆ ಗೋಮೆಸ್ ಮುಗ್ಗರಿಸಿ ಇನ್ನೊಬ್ಬ ಆಟಗಾರನಿಗೆ ಡಿಕ್ಕಿಯಾಗಿ ಕಾಲು ಸಿಕ್ಕಿಕೊಂಡು ಕೀಲು ಮುರಿಯಿತು. ಅದನ್ನ ನೋಡಿದ ಮೇಲೆ ಹಳದಿ ಹೋಗಿ ಕೆಂಪು ಬಂತು. ಸಾನ್ ಅಳುತ್ತಾ ಹೊರಗೆ ಹೋದರು. ಮೇಲ್ಮನವಿಯಲ್ಲಿ ಆ ಕೆಂಪನ್ನ ರದ್ದು ಮಾಡಿದರು, ಸರಿಯಾಗೇ ಮಾಡಿದರು. ಅಟ್ಕಿನ್ಸನ್ ಮೇಲೆ ನನಗೆ ಸಿಟ್ಟಿಲ್ಲ. ಆ ಕಾಲನ್ನ ಹತ್ತಿರದಿಂದ ನೋಡಿದ ಮನುಷ್ಯ ಅವರು.

ಎರಡು ವರ್ಷದ ಮೇಲೆ, 2021ರ ಸೆಪ್ಟೆಂಬರ್ 12. ಲೀಡ್ಸ್‌ನ ಪಾಸ್ಕಲ್ ಸ್ಟ್ರೈಕ್, ಲಿವರ್‌ಪೂಲ್‌ನ ಹದಿನೆಂಟರ ಹುಡುಗ ಹಾರ್ವಿ ಎಲಿಯಟ್. ಸ್ಟ್ರೈಕ್ ಜಾರಿ ಬಂದು ಮುಂದಿನ ಕಾಲಲ್ಲಿ ಚೆಂಡು ಕಸಿದರು, ಚೆನ್ನಾಗೇ ಕಸಿದರು. ರೆಫರಿ ಮೊದಲು ಆಟ ನಿಲ್ಲಿಸಲೂ ಇಲ್ಲ. ಆದರೆ ಹಿಂದೆ ಬಂದ ಇನ್ನೊಂದು ಕಾಲಿಗೆ ಎಲಿಯಟ್ ಪಾದ ಸಿಕ್ಕಿ ಕೀಲು ಕಳಚಿತು. ಆಮೇಲೆ ಕೆಂಪು. ಲೀಡ್ಸ್ ಮೇಲ್ಮನವಿ ಹಾಕಿತು, ಈ ಸಲ ಕೆಂಪು ಉಳಿಯಿತು. ಎಲಿಯಟ್ ತಾವೇ ಹೇಳಿದರು, ಅದು ಸ್ಟ್ರೈಕ್ ತಪ್ಪಲ್ಲ, ಕೆಂಪು ಕಾರ್ಡೂ ಅಲ್ಲ ಅಂತ.

ಸಾನ್ ಕಾರ್ಡ್ ರದ್ದಾಗಿ ಸ್ಟ್ರೈಕ್ ಕಾರ್ಡ್ ಉಳಿದದ್ದು ಯಾಕೆ ಅಂತ ಆ ತುಣುಕನ್ನ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮಾಮೂಲಿ ವೇಗದಲ್ಲೇ ನೋಡುತ್ತೇನೆ. ಮುಂದಿನ ಕಾಲನ್ನ ಬಿಟ್ಟು ಹಿಂದಿನ ಕಾಲನ್ನೇ ನೋಡುತ್ತೇನೆ. ಸಾನ್ ಕಾಲಿನಿಂದ ಗೋಮೆಸ್ ಬಿದ್ದರು, ಮುರಿದದ್ದು ಬೇರೆ ಕಡೆ. ಇಲ್ಲಿ ಆ ಹಿಂದಿನ ಕಾಲು ಪೂರ್ತಿ ವೇಗದಲ್ಲಿ ಕತ್ತರಿಯ ಇನ್ನೊಂದು ಅಲಗಿನ ಹಾಗೆ ಬರುತ್ತದೆ, ನೆಲದಲ್ಲಿ ಎಲಿಯಟ್ ಪಾದ ಇರುವ ಜಾಗಕ್ಕೇ ಬರುತ್ತದೆ, ಅದನ್ನ ತಡೆಯಲು ಸ್ಟ್ರೈಕ್ ಕೈಯಲ್ಲಿ ಏನೂ ಉಳಿದಿರಲಿಲ್ಲ. ಕಾರ್ಡ್ ಉಳಿಸಿದ್ದು ಸರಿ ಅಂತಲೇ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಕೀಲು ಕಳಚಿಕೊಂಡ ಹುಡುಗನೇ ಕೆಂಪು ಅಲ್ಲ ಅಂತ ಹೇಳಿದ್ದಾನೆ, ಆದರೂ.